ಹ್ಯಾಮ್‌ಸ್ಟರಿಗೆ ಯೋಗ್ಯವಾದ ಪಂಜರ

ಮನೆಯಲ್ಲಿ ಪ್ರಾಣಿಯೊಂದನ್ನು ಸಾಕಬೇಕೆಂಬ ಆಸೆ ಹುಟ್ಟಿದಾಗ ನಾವು ಮೊದಲು ಯೋಚಿಸುವುದು ಅದರ ಆಹಾರವನ್ನು ಕುರಿತು. ವಾಸಸ್ಥಾನದ ವಿಚಾರ ಬರುವುದು ಅನಂತರ. ಹಸು, ನಾಯಿ, ಬೆಕ್ಕುಗಳ ಮಟ್ಟಿಗೆ ಈ ಕ್ರಮದಿಂದ ಹೆಚ್ಚಿನ ಕೇಡಿಲ್ಲ. ಅವು ಸಾವಿರಾರು ವರ್ಷಗಳಿಂದ ಮನುಷ್ಯನ ಮನೆಯಂಗಳದಲ್ಲಿಯೇ ಬೆಳೆದುಬಂದವು. ನಮ್ಮ ಹವೆಗೂ ನಮ್ಮ ನಡವಳಿಕೆಗೂ ಹೊಂದಿಕೊಂಡಿರುವವು. ಆದರೆ ಪೇಟೆಗಳ ಸಾಕುಪ್ರಾಣಿಗಳ ಅಂಗಡಿಗಳಲ್ಲಿ ಈಚಿನ ದಶಕಗಳಲ್ಲಿ ಕಾಣಬರುತ್ತಿರುವ ಹ್ಯಾಮ್‌ಸ್ಟರ್ ಎಂಬ ಪುಟ್ಟ ಪ್ರಾಣಿಯ ಸಂಗತಿ ಬೇರೆ. ಅದರ ಆಯುಷ್ಯ ಎರಡು ಮೂರು ವರ್ಷ ಮಾತ್ರ. ಆ ಅಲ್ಪಾಯುಷ್ಯವನ್ನು ಅದು ಬಹುತೇಕ ಪಂಜರದೊಳಗೇ ಕಳೆಯುವುದರಿಂದ, ಪಂಜರವೇ ಅದರ ಪಾಲಿಗೆ ನೆಲ, ಮನೆ, ಹವೆ ಎಲ್ಲವೂ ಆಗುತ್ತದೆ. ಪಂಜರದ ಆಯ್ಕೆಯಲ್ಲಿ ತಪ್ಪಿದರೆ ಅನಂತರ ಎಷ್ಟು ಅಕ್ಕರೆ ತೋರಿದರೂ ಆ ಕೊರತೆ ತುಂಬುವುದಿಲ್ಲ.

ಪಾಶ್ಚಾತ್ಯ ದೇಶಗಳಲ್ಲಿ ಈ ವಿಷಯವಾಗಿ ಹೇರಳವಾದ ಬರವಣಿಗೆ ಇದೆ. ಆದರೆ ಅದೆಲ್ಲವೂ ಚಳಿದೇಶದ ಒಣಮನೆಗಳನ್ನು ಗಮನದಲ್ಲಿಟ್ಟುಕೊಂಡು ಬರೆದುದು. ನಮ್ಮ ಕರಾವಳಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು. ಆದುದರಿಂದ ಈ ಲೇಖನದಲ್ಲಿ ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನ ಕರ್ಕಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಬಡಗಣಿ ಹೊಳೆ, ನಡುವೆ ತೆಂಗಿನ ತೋಟಗಳು, ಹಂಚಿನ ಮನೆಗಳು - ಇಂತಹ ಊರಿನಲ್ಲಿ ಹ್ಯಾಮ್‌ಸ್ಟರಿನ ಪಂಜರ ಹೇಗಿರಬೇಕು? ಕರ್ಕಿಗೆ ಒಪ್ಪುವ ಉತ್ತರ ಭಟ್ಕಳದಿಂದ ಕುಮಟೆಯವರೆಗಿನ ಕಡಲತಡಿಗೆಲ್ಲ ಒಪ್ಪುತ್ತದೆ.

ಪ್ರಾಣಿಯ ಮೂಲ

ಹ್ಯಾಮ್‌ಸ್ಟರ್ ಇಲಿ ಅಳಿಲುಗಳಂತೆ ದಂಶಕ ವರ್ಗಕ್ಕೆ ಸೇರಿದ ಪ್ರಾಣಿ. ಇದರಲ್ಲಿ ಹಲವು ಜಾತಿಗಳುಂಟು. ಮನೆಗಳಲ್ಲಿ ಹೆಚ್ಚಾಗಿ ಸಾಕುವುದು ಸಿರಿಯದ ಹೊಂಬಣ್ಣದ ಹ್ಯಾಮ್‌ಸ್ಟರನ್ನು. ಬೆಳೆದ ಪ್ರಾಣಿಯ ಉದ್ದ ಸುಮಾರು ೧೫ ಸೆಂಟಿಮೀಟರ್. ತೂಕ ೧೦೦ ರಿಂದ ೧೫೦ ಗ್ರಾಂ. ಬಾಲ ಗಿಡ್ಡ; ಕೆನ್ನೆಗಳ ಒಳಗಡೆ ಕಾಳನ್ನು ತುಂಬಿಕೊಂಡು ಒಯ್ಯಲು ಎರಡು ಚೀಲಗಳು. ಇದಕ್ಕಿಂತ ಚಿಕ್ಕದಾದ ಕುಳ್ಳ ಹ್ಯಾಮ್‌ಸ್ಟರುಗಳೂ ಮಾರಾಟಕ್ಕೆ ಬರುತ್ತವೆ.

ಸಿರಿಯದ ಹ್ಯಾಮ್‌ಸ್ಟರನ್ನು ಅಲೆಪ್ಪೊ ನಗರದ ಕಡೆಯಿಂದ ಬಂದ ಮಾದರಿಯ ಆಧಾರದಿಂದ ೧೮೩೯ ರಲ್ಲಿ ಜಾರ್ಜ್ ವಾಟರ್‌ಹೌಸ್ ಎಂಬ ಆಂಗ್ಲ ಪ್ರಾಣಿಶಾಸ್ತ್ರಜ್ಞರು ವರ್ಣಿಸಿದರು. ಆದರೆ ಅದನ್ನು ಜೀವಂತವಾಗಿ ಹಿಡಿದು ಸಾಕಿ ಸಂತಾನ ಬೆಳೆಸಿದ್ದು ೧೯೩೦ ರಲ್ಲಿ. ಆಗ ಜೆರೂಸಲೆಮಿನ ಹೀಬ್ರೂ ವಿಶ್ವವಿದ್ಯಾನಿಲಯದಲ್ಲಿ ಸಾಲ್ ಆಡ್ಲರ್ ಎಂಬ ವೈದ್ಯವಿಜ್ಞಾನಿಗಳು ಲೀಷ್ಮೇನಿಯ ಪರೋಪಜೀವಿಗಳಿಂದ ಬರುವ ರೋಗಗಳನ್ನು ಅಭ್ಯಸಿಸುತ್ತಿದ್ದರು. ನಮ್ಮ ಬಿಹಾರ, ಬಂಗಾಳಗಳನ್ನು ಬಹುಕಾಲ ಕಾಡಿದ ಕಾಲಾ ಅಜಾರ್ ಈ ಗುಂಪಿನದೇ. ಅವರ ಪ್ರಯೋಗಗಳಿಗೆ ಹ್ಯಾಮ್‌ಸ್ಟರುಗಳು ಬೇಕಾಗಿದ್ದವು. ಇಸ್ರಾಯೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞರು ಅಲೆಪ್ಪೊ ಬಳಿಯ ಗೋದಿಯ ಹೊಲವೊಂದರಲ್ಲಿ ಎರಡು ಮೀಟರಿಗೂ ಹೆಚ್ಚು ಆಳಕ್ಕೆ ಅಗೆಸಿ, ತಾಯಿಯನ್ನೂ ಮರಿಗಳನ್ನೂ ಹೊರತೆಗೆಸಿದರು. ಬದುಕುಳಿದ ಕೆಲವೇ ಮರಿಗಳಿಂದ ಪ್ರಯೋಗಶಾಲೆಯ ಸಂತತಿ ಬೆಳೆಯಿತು. ೧೯೩೧ ರಲ್ಲಿ ಇಂಗ್ಲೆಂಡಿಗೂ ೧೯೩೮ ರಲ್ಲಿ ಅಮೆರಿಕಕ್ಕೂ ಹೋಯಿತು. ಅಲ್ಲಿಂದ ಮನೆಗಳನ್ನು ಸೇರಿತು.

ಈ ಇತಿಹಾಸದಲ್ಲಿ ಪಂಜರ ಕಟ್ಟುವವರು ಗಮನಿಸಬೇಕಾದ ಒಂದು ಅಂಶವಿದೆ. ಹ್ಯಾಮ್‌ಸ್ಟರ್ ಸಿಕ್ಕಿದ್ದು ನೆಲದ ಮೇಲಲ್ಲ, ನೆಲದೊಳಗೆ ಆಳದಲ್ಲಿ. ಹುಟ್ಟಾ ಅದು ಬಿಲವಾಸಿ. ಗದ್ದೆಯ ಬದುವಿನ ಇಲಿಬಿಲವನ್ನು ಅಗೆದಾಗ ಒಳಗೆ ಭತ್ತದ ತೆನೆಗಳ ರಾಶಿ ಸಿಕ್ಕುವುದನ್ನು ನಮ್ಮ ರೈತರು ಬಲ್ಲರು. ಅಂತಹುದೇ ಸಂಗ್ರಹಬುದ್ಧಿ, ಅಂತಹುದೇ ತೋಡುವ ಚಪಲ ಈ ಪ್ರಾಣಿಗೂ ಉಂಟು. ಹಲವಾರು ತಲೆಮಾರುಗಳು ಪಂಜರದಲ್ಲಿ ಕಳೆದರೂ ಆ ಸ್ವಭಾವ ಅಳಿದಿಲ್ಲ.

ಬಿಲದ ನಾಲ್ಕು ಗುಣಗಳು

ಕಾಡು ಹ್ಯಾಮ್‌ಸ್ಟರಿನ ಬಿಲ ಹೇಗಿರುತ್ತದೆಂಬುದನ್ನು ಜರ್ಮನಿಯ ಸಂಶೋಧಕರು ೧೯೯೭ ಮತ್ತು ೧೯೯೯ ರಲ್ಲಿ ಸಿರಿಯಕ್ಕೆ ಹೋಗಿ ಅಳೆದು ನೋಡಿದರು. ಬಿಲಗಳ ಆಳ ೩೬ ರಿಂದ ೧೦೬ ಸೆಂಟಿಮೀಟರ್, ಸರಾಸರಿ ೬೫. ವಾಸವಿದ್ದ ಯಾವ ಬಿಲದಲ್ಲಿಯೂ ಒಂದಕ್ಕಿಂತ ಹೆಚ್ಚು ವಯಸ್ಕ ಪ್ರಾಣಿ ಇರಲಿಲ್ಲ. ಒಂದು ಬಿಲಕ್ಕೂ ಅದರ ನೆರೆಯ ಬಿಲಕ್ಕೂ ನೂರು ಮೀಟರಿಗಿಂತ ಹೆಚ್ಚಿನ ಅಂತರವಿತ್ತು.

ಇಂತಹ ಬಿಲದಿಂದ ಪ್ರಾಣಿಗೆ ನಾಲ್ಕು ಅನುಕೂಲಗಳು ಒದಗುತ್ತವೆ. ಮೊದಲನೆಯದು ಆಳ: ಅಲ್ಲಿ ಬೆಳಕಿಲ್ಲ, ಸದ್ದಿಲ್ಲ, ಶತ್ರುವಿನ ಭಯವಿಲ್ಲ. ಎರಡನೆಯದು ತಂಪು: ಹಗಲಿನ ಕಾವು ಮಣ್ಣಿನೊಳಕ್ಕೆ ಇಳಿಯುತ್ತ ಇಳಿಯುತ್ತ ಕುಗ್ಗುತ್ತದೆ, ಅರ್ಧ ಮೀಟರಿನಷ್ಟು ಕೆಳಗೆ ಹಗಲು ರಾತ್ರಿಗಳ ಉಷ್ಣತೆಯ ವ್ಯತ್ಯಾಸ ಬಹುಮಟ್ಟಿಗೆ ಇಲ್ಲವಾಗುತ್ತದೆ. ಮೂರನೆಯದು ಒಣಸ್ಥಿತಿ: ಅಲೆಪ್ಪೊ ಪ್ರದೇಶದ ವಾರ್ಷಿಕ ಮಳೆ ೩೦೦ ರಿಂದ ೩೫೦ ಮಿಲಿಮೀಟರ್ ಮಾತ್ರ, ಅದೂ ಚಳಿಗಾಲದಲ್ಲಿ. ನಾಲ್ಕನೆಯದು ಏಕಾಂತ.

ಈಗ ಕರ್ಕಿಯ ಕಡೆ ತಿರುಗೋಣ. ಹೊನ್ನಾವರದ ಕರಾವಳಿಯಲ್ಲಿ ವರ್ಷಕ್ಕೆ ೩೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಎಂದರೆ ಅಲೆಪ್ಪೊವಿಗಿಂತ ಸುಮಾರು ಹತ್ತು ಪಟ್ಟು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ಉಳಿದ ತಿಂಗಳುಗಳಲ್ಲಿಯೂ ಕಡಲಗಾಳಿ ತೇವವನ್ನು ಹೊತ್ತು ತರುತ್ತದೆ. ಏಪ್ರಿಲ್ ಮೇ ತಿಂಗಳುಗಳ ಮಧ್ಯಾಹ್ನ ಉಷ್ಣತೆ ೩೩ - ೩೪ ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಸಾಮಾನ್ಯ. ಪ್ರಯೋಗಶಾಲೆಗಳಲ್ಲಿ ಹ್ಯಾಮ್‌ಸ್ಟರುಗಳಿಗೆ ೧೮ ರಿಂದ ೨೬ ಡಿಗ್ರಿ ಉಷ್ಣತೆಯನ್ನೂ ಶೇಕಡಾ ೪೦ ರಿಂದ ೬೦ ರಷ್ಟು ಸಾಪೇಕ್ಷ ಆರ್ದ್ರತೆಯನ್ನೂ ಹಿತವೆಂದು ಪರಿಗಣಿಸುತ್ತಾರೆ. ಹೀಗಿರುವಲ್ಲಿ, ಬಿಲ ತಾನಾಗಿ ಕೊಡುತ್ತಿದ್ದ ನಾಲ್ಕು ಅನುಕೂಲಗಳನ್ನು ಕರ್ಕಿಯ ಮನೆಯಲ್ಲಿ ಪಂಜರದ ಮೂಲಕ ನಾವೇ ಒದಗಿಸಬೇಕಾಗುತ್ತದೆ. ಪಂಜರದ ಪ್ರತಿಯೊಂದು ಅಂಗವನ್ನೂ ಈ ದೃಷ್ಟಿಯಿಂದಲೇ ಪರಿಶೀಲಿಸೋಣ.

ಪಂಜರದ ಅಳತೆ

ಅಂಗಡಿಗಳಲ್ಲಿ ಹ್ಯಾಮ್‌ಸ್ಟರಿನೊಡನೆ ಕೊಡುವ ಬಣ್ಣಬಣ್ಣದ ಪಂಜರಗಳು ಬಹಳ ಚಿಕ್ಕವು. ೩೫ ಸೆಂಟಿಮೀಟರ್ ಉದ್ದ, ೨೫ ಸೆಂಟಿಮೀಟರ್ ಅಗಲದ ಪಂಜರವೆಂದರೆ ಅದರ ನೆಲದ ವಿಸ್ತೀರ್ಣ ೮೭೫ ಚದರ ಸೆಂಟಿಮೀಟರ್. ತೆರೆದಿಟ್ಟ ಒಂದು ವಾರಪತ್ರಿಕೆಯಷ್ಟೂ ಆಗದು. ಜರ್ಮನಿಯ ಪ್ರಾಣಿಸಂರಕ್ಷಣಾ ಪಶುವೈದ್ಯರ ಸಂಘವು ಕನಿಷ್ಠ ೧೦೦ ಸೆಂಟಿಮೀಟರ್ ಉದ್ದ, ೫೦ ಅಗಲ, ೫೦ ಎತ್ತರವಿರಬೇಕೆಂದು ಸಲಹೆ ಮಾಡಿದೆ. ಇದರ ವಿಸ್ತೀರ್ಣ ೫೦೦೦ ಚದರ ಸೆಂಟಿಮೀಟರ್. ಅಂಗಡಿಯ ಪಂಜರದ ಐದೂವರೆ ಪಟ್ಟಿಗಿಂತ ಹೆಚ್ಚು.

ಇಷ್ಟು ಜಾಗ ನಿಜವಾಗಿಯೂ ಬೇಕೆ ಎಂದು ವಾಚಕರು ಕೇಳಬಹುದು. ಸ್ವಿಟ್ಜರ್‌ಲೆಂಡಿನ ಬರ್ನ್ ವಿಶ್ವವಿದ್ಯಾನಿಲಯದವರು ೨೦೦೭ ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಹೇಳುತ್ತದೆ. ಅವರು ೧೮೦೦, ೨೫೦೦, ೫೦೦೦ ಮತ್ತು ೧೦,೦೦೦ ಚದರ ಸೆಂಟಿಮೀಟರುಗಳ ನಾಲ್ಕು ಬಗೆಯ ಪಂಜರಗಳಲ್ಲಿ ಹ್ಯಾಮ್‌ಸ್ಟರುಗಳನ್ನು ಇಟ್ಟು ಅವುಗಳ ವರ್ತನೆಯನ್ನು ಗಮನಿಸಿದರು. ಸರಳುಗಳನ್ನು ಕಡಿಯುವ ಚಾಳಿ ಎಲ್ಲ ಪಂಜರಗಳಲ್ಲಿಯೂ ಕಂಡುಬಂದರೂ, ಚಿಕ್ಕ ಪಂಜರಗಳಲ್ಲಿ ಅದು ಹೆಚ್ಚು ಬಾರಿ, ಹೆಚ್ಚು ಹೊತ್ತು ನಡೆಯುತ್ತಿತ್ತು. ಸರಳು ಕಡಿಯುವುದು ಹಲ್ಲು ಸವೆಸುವ ಆಟವೆಂದು ಕೆಲವರು ತಿಳಿಯುತ್ತಾರೆ, ಹಾಗಲ್ಲ. ಒಂದೇ ಚೇಷ್ಟೆಯನ್ನು ಗಂಟೆಗಟ್ಟಲೆ ಪುನರಾವರ್ತಿಸುವುದು ಸೆರೆಯಲ್ಲಿರುವ ಪ್ರಾಣಿಯ ಬೇಗುದಿಯ ಲಕ್ಷಣ.

ಈ ಮಾತು ಕೇವಲ ಕರುಣೆಗೆ ಸಂಬಂಧಪಟ್ಟುದಲ್ಲ. ಭಾರತದ ೧೯೬೦ ರ ಪ್ರಾಣಿಹಿಂಸಾ ಪ್ರತಿಬಂಧಕ ಕಾನೂನಿನ ೧೧ನೆಯ ವಿಧಿಯಂತೆ, ಚಲನವಲನಕ್ಕೆ ತಕ್ಕಷ್ಟು ಎತ್ತರ, ಉದ್ದ, ಅಗಲಗಳಿಲ್ಲದ ಪಂಜರದಲ್ಲಿ ಪ್ರಾಣಿಯನ್ನು ಇಡುವುದು ಅಪರಾಧ. ೨೦೧೮ ರಲ್ಲಿ ಬಂದ ಸಾಕುಪ್ರಾಣಿ ಅಂಗಡಿಗಳ ನಿಯಮಗಳು ಸಾಕುಪ್ರಾಣಿಗಳ ಪಟ್ಟಿಯಲ್ಲಿ ಹ್ಯಾಮ್‌ಸ್ಟರನ್ನು ಹೆಸರಿಸಿಯೇ ಸೇರಿಸಿವೆ.

ಇನ್ನು ಏಕಾಂತದ ವಿಚಾರ. ಸಿರಿಯದ ಹ್ಯಾಮ್‌ಸ್ಟರಿಗೆ ಜೊತೆಯಿಲ್ಲವಲ್ಲಾ ಎಂದು ಮರುಗಿ ಎರಡನ್ನು ಒಂದೇ ಪಂಜರದಲ್ಲಿ ಇಡುವುದು ಅನರ್ಥಕ್ಕೆ ಕಾರಣ. ಬೆಳೆದ ಮೇಲೆ ಅವು ರಕ್ತ ಬರುವಂತೆ ಕಾದಾಡುತ್ತವೆ. ಗಂಡು ಹೆಣ್ಣು ಒಟ್ಟಿಗಿದ್ದರೆ ಇನ್ನೊಂದು ತೊಡಕು: ಗರ್ಭಧಾರಣೆಯ ಅವಧಿ ೧೬ ದಿನ ಮಾತ್ರ, ಒಂದು ಸೂಲಿನಲ್ಲಿ ಅನೇಕ ಮರಿಗಳು. ಪಂಜರವೊಂದಕ್ಕೆ ಪ್ರಾಣಿಯೊಂದೇ ಎಂಬುದು ನಿಯಮವಾಗಿರಲಿ.

ಯಾವ ಬಗೆಯ ಪಂಜರ?

ಪೂರ್ತಿ ಸರಳುಗಳ ಪಂಜರಕ್ಕೆ ಗಾಳಿ ಚೆನ್ನಾಗಿ ಆಡುತ್ತದೆ. ಆದರೆ ಅದರ ತಳದ ತಟ್ಟೆ ಆಳವಿಲ್ಲದ್ದು. ಹಾಸು ತುಂಬಿದರೆ ಹೊರಗೆ ಚೆಲ್ಲುತ್ತದೆ. ಸರಳುಗಳ ನಡುವಿನ ಸಂದು ಸಿರಿಯದ ಜಾತಿಗೆ ೧ ಸೆಂಟಿಮೀಟರಿಗಿಂತಲೂ ಕುಳ್ಳ ಜಾತಿಗೆ ಅದರ ಮೂರನೆಯ ಎರಡು ಭಾಗಕ್ಕಿಂತಲೂ ಹೆಚ್ಚಾಗಿರಬಾರದು. ತಳಕ್ಕೆ ತಂತಿಬಲೆ ಇರಲೇಬಾರದು. ಪಾದಗಳು ಸಿಕ್ಕಿಕೊಂಡು ಹುಣ್ಣಾಗುತ್ತವೆ.

ಮೀನು ಸಾಕುವ ಗಾಜಿನ ತೊಟ್ಟಿಯಲ್ಲಿ ಹಾಸನ್ನು ಬೇಕಾದಷ್ಟು ಆಳಕ್ಕೆ ತುಂಬಬಹುದು. ಪ್ರಾಣಿಯ ಚಟುವಟಿಕೆಯೂ ಚೆನ್ನಾಗಿ ಕಾಣುತ್ತದೆ. ಚಳಿದೇಶಗಳಲ್ಲಿ ಇದು ಜನಪ್ರಿಯ. ಆದರೆ ಮೇಲ್ಭಾಗ ಮಾತ್ರ ತೆರೆದಿರುವ ತೊಟ್ಟಿಯಲ್ಲಿ ಗಾಳಿ ನಿಂತುಬಿಡುತ್ತದೆ. ಕರ್ಕಿಯ ಜುಲೈ ತಿಂಗಳಲ್ಲಿ ಹಾಸಿನ ತೇವ, ಪ್ರಾಣಿಯ ಉಸಿರಿನ ತೇವ, ಮೂತ್ರದಿಂದ ಹುಟ್ಟುವ ಅಮೋನಿಯ ಇವೆಲ್ಲ ಅಲ್ಲಿಯೇ ತಂಗುತ್ತವೆ. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಗೂ ಇದೇ ದೋಷ.

ನಮ್ಮ ಕರಾವಳಿಗೆ ಎರಡರ ಗುಣಗಳನ್ನೂ ಸೇರಿಸಿದ ಪೆಟ್ಟಿಗೆಯೇ ಸರಿ. ಊರಿನ ಬಡಗಿಯೇ ಅದನ್ನು ಮಾಡಿಕೊಡಬಲ್ಲನು. ಉದ್ದ ೧೦೦, ಅಗಲ ೫೦, ಎತ್ತರ ೬೦ ಸೆಂಟಿಮೀಟರ್. ಕೆಳಗಿನ ೩೫ ಸೆಂಟಿಮೀಟರ್ ಎತ್ತರಕ್ಕೆ ನಾಲ್ಕು ಕಡೆಯೂ ಗಟ್ಟಿ ಹಲಗೆ. ಮುಂಭಾಗದಲ್ಲಿ ಹಲಗೆಗೆ ಬದಲಾಗಿ ಗಾಜು ಹಾಕಿಸಿದರೆ ಬಿಲದ ಒಳಗನ್ನು ನೋಡಬಹುದು. ಮೇಲಿನ ೨೫ ಸೆಂಟಿಮೀಟರಿಗೆ ಎದುರುಬದುರಾದ ಎರಡು ಪಕ್ಕಗಳಲ್ಲಿ ಸಣ್ಣ ಕಣ್ಣಿನ ಉಕ್ಕಿನ ತಂತಿಬಲೆ. ಒಂದು ಕಡೆಯಿಂದ ಒಳಹೊಕ್ಕ ಗಾಳಿ ಇನ್ನೊಂದು ಕಡೆಯಿಂದ ಹೊರಹೋಗಲು ಇದು ಅಗತ್ಯ. ಮುಚ್ಚಳವೂ ತಂತಿಬಲೆಯದೇ, ಅದಕ್ಕೆ ಭದ್ರವಾದ ಕೊಂಡಿ. ಪ್ಲಾಸ್ಟಿಕ್ ಬಲೆಯನ್ನು ಹ್ಯಾಮ್‌ಸ್ಟರ್ ಒಂದೇ ರಾತ್ರಿಯಲ್ಲಿ ಕಡಿದು ಹಾಕೀತು. ಹಲಗೆಯ ಒಳಮೈಗೆ ಬಣ್ಣವನ್ನಾಗಲಿ ಹುಳುನಾಶಕ ಎಣ್ಣೆಯನ್ನಾಗಲಿ ಬಳಿಯಬಾರದು. ಕಡಿದಾಗ ಅದು ಹೊಟ್ಟೆಗೆ ಸೇರುತ್ತದೆ. ಮೂತ್ರ ಹೀರದಂತೆ ತಳಕ್ಕೆ ಒಂದು ಗಾಜಿನ ಹಾಳೆಯನ್ನೋ ನುಣುಪಾದ ನೆಲಹಾಸಿನ ಬಿಲ್ಲೆಗಳನ್ನೋ ಹಾಸಿದರೆ ಮರ ಕೊಳೆಯುವುದಿಲ್ಲ.

ಹಾಸು: ಬಿಲಕ್ಕೆ ಬದಲು

ಪಂಜರದ ಅಳತೆಯಷ್ಟೇ, ಅಥವಾ ಅದಕ್ಕಿಂತಲೂ ಹೆಚ್ಚು ಮುಖ್ಯವಾದುದು ಹಾಸಿನ ಆಳ. ಬರ್ನ್ ವಿಶ್ವವಿದ್ಯಾನಿಲಯದವರೇ ೨೦೦೬ ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ೧೦, ೪೦ ಮತ್ತು ೮೦ ಸೆಂಟಿಮೀಟರ್ ಆಳದ ಹಾಸುಗಳನ್ನು ಹೋಲಿಸಿ ನೋಡಿದರು. ಹತ್ತು ಸೆಂಟಿಮೀಟರಿನ ಗುಂಪಿನವು ಸರಳುಗಳನ್ನು ಹೆಚ್ಚಾಗಿ ಕಡಿದವು. ಚಕ್ರದಲ್ಲಿಯೂ ಹೆಚ್ಚಾಗಿ ಓಡಿದವು. ಎಂಬತ್ತು ಸೆಂಟಿಮೀಟರಿನ ಗುಂಪಿನಲ್ಲಿ ಸರಳು ಕಡಿಯುವುದು ಕಂಡುಬರಲೇ ಇಲ್ಲ. ತೋಡಲು ಆಳ ಸಿಕ್ಕಿದೊಡನೆ ಪ್ರಾಣಿಯ ಬೇಗುದಿ ಅಡಗಿತೆಂದು ಇದರಿಂದ ಊಹಿಸಬಹುದು.

ಮನೆಯಲ್ಲಿ ೮೦ ಸೆಂಟಿಮೀಟರ್ ಹಾಸು ಎಲ್ಲರಿಗೂ ಸಾಧ್ಯವಲ್ಲ. ನಾವು ಮೇಲೆ ಹೇಳಿದ ಪೆಟ್ಟಿಗೆಯಲ್ಲಿ ಅರ್ಧ ಭಾಗಕ್ಕೆ ೩೦ ಸೆಂಟಿಮೀಟರ್, ಉಳಿದರ್ಧಕ್ಕೆ ೧೫ ಸೆಂಟಿಮೀಟರ್ ಆಳದ ಹಾಸು ಹಾಕೋಣ. ಲೆಕ್ಕ ಸುಲಭ: ೫೦ × ೫೦ × ೩೦ = ೭೫,೦೦೦ ಘನ ಸೆಂಟಿಮೀಟರ್, ಅಂದರೆ ೭೫ ಲೀಟರ್; ಇನ್ನರ್ಧಕ್ಕೆ ೩೭.೫ ಲೀಟರ್. ಒಟ್ಟು ಸುಮಾರು ೧೧೩ ಲೀಟರ್ ಹಾಸು ಬೇಕು. ಅಂಗಡಿಯಲ್ಲಿ ಕೊಡುವ ಚಿಕ್ಕ ಪೊಟ್ಟಣ ಇದಕ್ಕೆ ಏನೂ ಸಾಲದು. ಪ್ರಾಣಿಯನ್ನು ತರುವ ಮುನ್ನವೇ ಈ ಲೆಕ್ಕ ಹಾಕುವುದು ಲೇಸು.

ಹಾಸಿಗೆ ಏನನ್ನು ಬಳಸಬೇಕು? ಶಾಯಿಯಿಲ್ಲದ ಬಿಳಿ ಕಾಗದದ ಚೂರುಗಳು ಎಲ್ಲಕ್ಕಿಂತ ನಿರಪಾಯ. ಬಡಗಿಯ ಉಜ್ಜುಗೊರಡಿನಿಂದ ಸುರುಳಿ ಸುರುಳಿಯಾಗಿ ಬೀಳುವ ಮರದ ಸಿಪ್ಪೆಯೂ ಆಗಬಹುದು. ಆದರೆ ಕಟುವಾಸನೆಯ ಮರದ್ದಾಗಲಿ, ಪ್ಲೈವುಡ್ಡಿನ ಅಂಟು ಅಥವಾ ಮೆರುಗೆಣ್ಣೆ ತಾಗಿದ್ದಾಗಲಿ ಬೇಡ. ಗರಗಸದ ಹುಡಿ ಸರ್ವಥಾ ಕೂಡದು. ಅದರ ನವುರು ಧೂಳು ಪ್ರಾಣಿಯ ಶ್ವಾಸಕೋಶಕ್ಕೆ ಹೋಗುತ್ತದೆ. ಚೆನ್ನಾಗಿ ಒಣಗಿದ ಹುಲ್ಲನ್ನು ಪದರ ಪದರವಾಗಿ ನಡುನಡುವೆ ಸೇರಿಸಿದರೆ ತೋಡಿದ ಸುರಂಗ ಕುಸಿಯದೆ ನಿಲ್ಲುತ್ತದೆ. ತೆಂಗಿನ ನಾಡಿನಲ್ಲಿ ನಾರು ಧಾರಾಳವಾಗಿ ಸಿಕ್ಕುವುದು ನಿಜ. ಆದರೆ ಉದ್ದವಾದ ಎಳೆಗಳು ಪುಟ್ಟ ಕಾಲಿಗೆ ಸುತ್ತಿಕೊಂಡು ರಕ್ತಸಂಚಾರವನ್ನು ತಡೆಯಬಲ್ಲವು. ಹತ್ತಿಯನ್ನೂ ಇದೇ ಕಾರಣದಿಂದ ತ್ಯಜಿಸಬೇಕು. ಗೂಡಿನೊಳಗೆ ಮೆತ್ತೆ ಮಾಡಿಕೊಳ್ಳಲು ವಾಸನೆಯಿಲ್ಲದ ಮೃದುವಾದ ಕಾಗದವನ್ನು ಹರಿದು ಕೊಟ್ಟರೆ ಅದು ತಾನೇ ಒಯ್ದು ಜೋಡಿಸಿಕೊಳ್ಳುತ್ತದೆ. ಅಂಗಳದ ಅಥವಾ ಗದ್ದೆಯ ಮಣ್ಣನ್ನು ಏಕೆ ತರಬಾರದೆಂಬುದನ್ನು ಮುಂದೆ ಹೇಳುವೆವು.

ಮಳೆಗಾಲದ ತೇವ

ಕಾಗದ, ಹುಲ್ಲು, ಮರ ಇವೆಲ್ಲವೂ ಗಾಳಿಯಿಂದ ನೀರನ್ನು ಹೀರುವ ವಸ್ತುಗಳು. ಇದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಮೇ ತಿಂಗಳ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದ ಮರದ ಸಿಪ್ಪೆಯನ್ನು ೧೦೦ ಗ್ರಾಂ ತೂಗಿ, ತೆಳುಬಟ್ಟೆಯ ಚೀಲದಲ್ಲಿ ಕಟ್ಟಿ, ಮಳೆನೀರು ತಾಗದಂತೆ ಕೋಣೆಯೊಳಗೆ ತೂಗುಹಾಕಿರಿ. ಜುಲೈಯಲ್ಲಿ ಮತ್ತೆ ತೂಗಿರಿ. ಹತ್ತು ಗ್ರಾಂನಷ್ಟು ಹೆಚ್ಚಿದ್ದರೆ ಅಚ್ಚರಿಯಿಲ್ಲ. ಸಾಪೇಕ್ಷ ಆರ್ದ್ರತೆ ಶೇಕಡಾ ೫೦ ಇದ್ದಾಗ ನೂರು ಭಾಗ ಒಣಮರ ಸುಮಾರು ೯ ಭಾಗ ನೀರನ್ನು ಹಿಡಿದಿಟ್ಟುಕೊಂಡರೆ, ಶೇಕಡಾ ೯೦ ಇದ್ದಾಗ ಸುಮಾರು ೨೦ ಭಾಗವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ಸ್ಥಿತಿಯಲ್ಲಿ ಬೂಷ್ಟು ಬೆಳೆಯಲು ಬೇರೇನೂ ಬೇಕಿಲ್ಲ. ಆಳವಾದ ಹಾಸಿನ ತಳದಲ್ಲಿ, ನಮ್ಮ ಕಣ್ಣಿಗೆ ಬೀಳದ ಕಡೆಯಲ್ಲಿ, ಪ್ರಾಣಿ ಮಲಗುವ ಮತ್ತು ಕಾಳು ಕೂಡಿಡುವ ಮೂಲೆಯಲ್ಲಿಯೇ ಅದು ಮೊದಲು ಕಾಣಿಸುವುದು.

ಹೊರಗಿನ ಗಾಳಿಯೇ ತೇವದಿಂದ ತುಂಬಿರುವಾಗ ಕಿಟಕಿ ತೆರೆದಿಟ್ಟ ಮಾತ್ರಕ್ಕೆ ಹಾಸು ಒಣಗದು. ಗಾಳಿಯನ್ನು ಬಿಸಿಮಾಡಿದರೆ ಅದರ ಸಾಪೇಕ್ಷ ಆರ್ದ್ರತೆ ಇಳಿಯುವುದೇನೋ ನಿಜ: ೨೬ ಡಿಗ್ರಿಯಲ್ಲಿ ಶೇಕಡಾ ೯೦ ಇರುವ ಗಾಳಿಯನ್ನು ೩೦ ಡಿಗ್ರಿಗೆ ಏರಿಸಿದರೆ ಅದು ಸುಮಾರು ಶೇಕಡಾ ೭೧ ಕ್ಕೆ ಇಳಿಯುತ್ತದೆ. ಆದರೆ ಆ ಕಾವು ಹ್ಯಾಮ್‌ಸ್ಟರಿಗೆ ಸಲ್ಲದು. ಆದುದರಿಂದ ಪಂಜರವನ್ನು ಬಿಸಿಮಾಡದೆ ಹಾಸನ್ನು ಹೊರಗೆ ಒಣಗಿಸಬೇಕು.

ಕರಾವಳಿಯ ಗೃಹಿಣಿಯರು ಹಪ್ಪಳ, ಸಂಡಿಗೆ, ಒಣಮೀನು, ಸಾಂಬಾರ ಪದಾರ್ಥಗಳನ್ನು ಮೇ ತಿಂಗಳಲ್ಲಿಯೇ ಒಣಗಿಸಿ ಬಿಗಿ ಮುಚ್ಚಳದ ಡಬ್ಬಿಗಳಲ್ಲಿ ತುಂಬಿಡುವ ಪದ್ಧತಿ ಇಲ್ಲಿಯೂ ನಮಗೆ ಮಾರ್ಗದರ್ಶಕ. ನಾಲ್ಕು ತಿಂಗಳಿಗೆ ಬೇಕಾಗುವ ಹಾಸನ್ನು ಮಳೆಗೆ ಮುಂಚೆಯೇ ಒಣಗಿಸಿ, ಗಾಳಿಯಾಡದ ಡಬ್ಬಗಳಲ್ಲಿ ಒತ್ತಿ ತುಂಬಿಡಬೇಕು. ಮಳೆಗಾಲದಲ್ಲಿ ಹಾಸಿನ ಆಳವನ್ನು ೩೦ ರಿಂದ ೨೦ ಸೆಂಟಿಮೀಟರಿಗೆ ಇಳಿಸಿ, ವಾರಕ್ಕೊಮ್ಮೆ ಕೈಹಾಕಿ ತಳವನ್ನು ಮುಟ್ಟಿ ನೋಡಿ, ತೇವವಾದ ಭಾಗವನ್ನಷ್ಟೇ ತೆಗೆದು ಒಣಹಾಸನ್ನು ತುಂಬಬೇಕು. ಕೂಡಿಟ್ಟ ಕಾಳುಗಳಲ್ಲಿ ಬೂಷ್ಟು ಹಿಡಿದವನ್ನೂ ಹಸಿ ತರಕಾರಿಯ ಚೂರುಗಳನ್ನೂ ಬಿಸಾಡಬೇಕು. ಆದರೆ ಇಡೀ ಹಾಸನ್ನು ಒಮ್ಮೆಲೇ ಬದಲಾಯಿಸುವುದು ಬೇಡ. ತನ್ನ ವಾಸನೆಯಿಂದಲೇ ತನ್ನ ಮನೆಯನ್ನು ಗುರುತಿಸುವ ಪ್ರಾಣಿಗೆ ಅದು ಮನೆ ಕಳೆದುಕೊಂಡಂತೆ.

ಬೇಸಗೆಯ ಸೆಕೆ

ಮನುಷ್ಯನು ಮೈಯೆಲ್ಲ ಬೆವರಿ ತಂಪಾಗುತ್ತಾನೆ. ಹ್ಯಾಮ್‌ಸ್ಟರಿಗೆ ಆ ಸೌಕರ್ಯವಿಲ್ಲ. ಕಾಡಿನಲ್ಲಿ ಅದು ಬಿಲದ ಆಳಕ್ಕೆ ಇಳಿದು ತಂಪು ಪಡೆಯುತ್ತಿತ್ತು. ಪಂಜರದ ಹಾಸು ಮೃದುವಾದ ಕಂಬಳಿಯಂತೆ. ಅದರಲ್ಲಿ ತೋಡಿದ ಬಿಲ ಕತ್ತಲೆಯನ್ನೂ ಏಕಾಂತವನ್ನೂ ಕೊಟ್ಟೀತೇ ಹೊರತು ಮಣ್ಣಿನ ತಂಪನ್ನು ಕೊಡದು.

ಬಿಜಾಪುರ, ರಾಯಚೂರುಗಳ ಕಡೆ ಒದ್ದೆಬಟ್ಟೆಯನ್ನೋ ಲಾವಂಚದ ತಡಿಕೆಯನ್ನೋ ಕಿಟಕಿಗೆ ಕಟ್ಟಿ ನೀರು ಚಿಮುಕಿಸುವುದುಂಟು. ಅಲ್ಲಿಯ ಒಣಗಾಳಿಯಲ್ಲಿ ನೀರು ಬೇಗನೆ ಆವಿಯಾಗುವುದರಿಂದ ಕೋಣೆ ತಂಪಾಗುತ್ತದೆ. ಕರ್ಕಿಯಲ್ಲಿ ಇದೇ ಉಪಾಯ ಫಲಿಸದು. ಗಾಳಿ ಆಗಲೇ ತೇವದಿಂದ ತುಂಬಿರುವುದರಿಂದ ನೀರು ನಿಧಾನವಾಗಿ ಆರುತ್ತದೆ, ತಂಪಿಗೆ ಬದಲಾಗಿ ಹಾಸಿನ ತೇವ ಹೆಚ್ಚುತ್ತದೆ. ಇಲ್ಲಿ ಬೇರೆ ಉಪಾಯಗಳು ಬೇಕು.

ಪಂಜರವನ್ನು ಮನೆಯ ನಡುಭಾಗದಲ್ಲಿ, ಬಿಸಿಲು ತಾಗದ ಒಳಗೋಡೆಯ ಪಕ್ಕದಲ್ಲಿ ಇಡಬೇಕು. ಪಶ್ಚಿಮದ ಗೋಡೆ, ಹಂಚಿನ ಮಾಡಿಗೆ ತೀರ ಸಮೀಪದ ಅಟ್ಟ, ಒಲೆಯ ಹೊಗೆ ಒಗ್ಗರಣೆಯ ಘಾಟುಗಳಿರುವ ಅಡಿಗೆಮನೆ, ಮಳೆಯ ಎರಚಲು ಬೀಳುವ ಜಗಲಿ ಇವು ಯಾವುವೂ ಯೋಗ್ಯವಲ್ಲ. ಪಂಜರದೊಳಗೆ ಹಂಚಿನ ಒಂದು ತುಂಡನ್ನೂ ಮಣ್ಣಿನ ಒಂದು ಕುಡಿಕೆಯನ್ನೂ ಇಟ್ಟರೆ, ಹೊಟ್ಟೆಯನ್ನು ಅದಕ್ಕೆ ಆನಿಸಿ ಪ್ರಾಣಿ ತನ್ನ ಮೈಯ ಕಾವನ್ನು ಬಿಡುತ್ತದೆ. ನೀರು ತುಂಬಿ ಹೆಪ್ಪುಗಟ್ಟಿಸಿದ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಪಂಜರದ ಹೊರಗೋಡೆಗೆ ತಾಗಿಸಿ ಇಡಬಹುದು. ಒಳಗೆ ಇಟ್ಟರೆ ಸೀಸೆಯ ಹೊರಮೈ ಬೆವರಿ ಹಾಸು ನೆನೆಯುತ್ತದೆ. ಏರ್‌ಕಂಡಿಷನರ್ ಇರುವ ಮನೆಗಳಲ್ಲಿ ಆ ಯಂತ್ರವು ಗಾಳಿಯನ್ನು ತಂಪುಗೊಳಿಸುವುದರೊಡನೆ ಅದರಲ್ಲಿಯ ತೇವವನ್ನೂ ನೀರಾಗಿಸಿ ಹೊರಹಾಕುವುದರಿಂದ ಒಂದೇ ಏಟಿಗೆ ಎರಡು ಕೆಲಸವಾಗುತ್ತದೆ. ಆದರೆ ಅದರ ಗಾಳಿ ನೇರವಾಗಿ ಪಂಜರದ ಮೇಲೆ ಬೀಸದಿರಲಿ.

ಒಳಗಿನ ಸಲಕರಣೆ

ಮೊದಲನೆಯದು ಓಟದ ಚಕ್ರ. ಆಹಾರ ಹುಡುಕುತ್ತ ದೂರ ದೂರ ಅಲೆಯುವ ಸ್ವಭಾವದ ಪ್ರಾಣಿ ಚಕ್ರದಲ್ಲಿ ಒಂದೇ ರಾತ್ರಿ ಹಲವು ಕಿಲೋಮೀಟರ್ ಓಡುತ್ತದೆ. ಸಿರಿಯದ ಜಾತಿಗೆ ಚಕ್ರದ ವ್ಯಾಸ ೨೮ ಸೆಂಟಿಮೀಟರಾದರೂ ಇರಬೇಕು. ಕುಳ್ಳ ಜಾತಿಗೆ ೨೦. ಓಡುವಾಗ ಬೆನ್ನು ಬಾಗಿದರೆ ಚಕ್ರ ಚಿಕ್ಕದಾಯಿತೆಂದೇ ಅರ್ಥ. ಓಡುವ ಮೈ ಸಂದುಗಳಿಲ್ಲದೆ ಏಕವಾಗಿರಲಿ. ಸರಳುಗಳ ಚಕ್ರದಲ್ಲಿ ಕಾಲು ಸಿಕ್ಕಿ ಮುರಿಯುವುದುಂಟು. ಚಕ್ರ, ಕುಡಿಕೆ, ಹಂಚು ಮುಂತಾದ ಭಾರವಾದ ವಸ್ತುಗಳನ್ನು ಹಾಸಿನ ಮೇಲೆ ಇಡದೆ, ತಳಕ್ಕೆ ಊರಿದ ಕಾಲುಗಳುಳ್ಳ ಮಣೆಯ ಮೇಲೆ ಇಡಬೇಕು. ಇಲ್ಲವಾದರೆ ಪ್ರಾಣಿ ಕೆಳಗಿನಿಂದ ತೋಡಿದಾಗ ಅವು ಕುಸಿದು ಅದರ ಮೇಲೆಯೇ ಬಿದ್ದಾವು.

ಎರಡನೆಯದು ಅಡಗುತಾಣ. ಕುಳ್ಳ ಜಾತಿಗೆ ಅಂಚುಗಳನ್ನು ಉಜ್ಜಿ ನುಣುಪು ಮಾಡಿದ ದೊಡ್ಡ ಗೆರಟೆಯೊಂದು ಸಾಕು. ಕೆನ್ನೆಚೀಲ ತುಂಬಿದ ಸಿರಿಯದ ಹ್ಯಾಮ್‌ಸ್ಟರಿಗೆ ಅದು ಇಕ್ಕಟ್ಟು. ಅದಕ್ಕೆ ತಳವಿಲ್ಲದ ಮರದ ಸಣ್ಣ ಪೆಟ್ಟಿಗೆಯೇ ಒಳ್ಳೆಯದು. ಬಾಗಿಲು ಐದಾರು ಸೆಂಟಿಮೀಟರ್ ಅಗಲವಿರಲಿ.

ಮೂರನೆಯದು ಮರಳಿನ ತಟ್ಟೆ. ಹ್ಯಾಮ್‌ಸ್ಟರಿಗೆ ನೀರಿನ ಸ್ನಾನ ಹಾನಿಕರ. ಅದು ಮರಳಿನಲ್ಲಿ ಹೊರಳಿ ರೋಮವನ್ನು ಶುಚಿಮಾಡಿಕೊಳ್ಳುತ್ತದೆ. ಕಡಲತೀರದ ಮರಳು ಕೈಗೆಟಕುವಂತಿದ್ದರೂ ಅದರಲ್ಲಿ ಉಪ್ಪು ಇರುವುದರಿಂದ ಸಲ್ಲದು. ಉಪ್ಪು ತೇವವನ್ನೂ ಎಳೆಯುತ್ತದೆ. ಸಿಹಿನೀರಿನ ಹೊಳೆಯ ಸಣ್ಣ ಮರಳನ್ನು ಹಲವು ಸಲ ತೊಳೆದು, ಬಾಣಲೆಯಲ್ಲಿ ಚೆನ್ನಾಗಿ ಹುರಿದು, ಧೂಳು ಜರಡಿಯಾಡಿ, ಆರಿದ ಮೇಲೆ ಬಳಸಬೇಕು. ಎಷ್ಟೋ ಹ್ಯಾಮ್‌ಸ್ಟರುಗಳು ಮೂತ್ರವಿಸರ್ಜನೆಗೂ ಈ ತಟ್ಟೆಯನ್ನೇ ಆರಿಸಿಕೊಳ್ಳುತ್ತವೆ. ಇದರಿಂದ ಶುಚಿಮಾಡುವ ಕೆಲಸ ಹಗುರಾಗುತ್ತದೆ. ನೀರಿಗೆ ಪಂಜರದ ಗೋಡೆಗೆ ಸಿಕ್ಕಿಸುವ ಸೀಸೆ ಉತ್ತಮ. ಅದು ತೊಟ್ಟಿಕ್ಕುತ್ತಿಲ್ಲವೆಂದು ದಿನವೂ ನೋಡಬೇಕು.

ಹೊರಗಿನ ಶತ್ರುಗಳು

ಕೂಡಿಟ್ಟ ಕಾಳಿಗೆ ಇರುವೆ ಮುತ್ತುವುದು ಕರಾವಳಿಯಲ್ಲಿ ನಿತ್ಯದ ಮಾತು. ತಿಂಡಿಯ ಬೀರುವಿಗೆ ಮಾಡುವಂತೆಯೇ ಪಂಜರದ ಮೇಜಿನ ನಾಲ್ಕು ಕಾಲುಗಳನ್ನೂ ನೀರು ತುಂಬಿದ ತಟ್ಟೆಗಳಲ್ಲಿ ನಿಲ್ಲಿಸಬೇಕು. ಮೇಜು ಗೋಡೆಗೆ ತಾಗಿರಬಾರದು. ತಟ್ಟೆಯ ನೀರನ್ನು ಆಗಾಗ ಬದಲಾಯಿಸದಿದ್ದರೆ ಸೊಳ್ಳೆ ಬೆಳೆಯುತ್ತದೆ. ಬೆಕ್ಕು ಮತ್ತು ಕೇರೆಹಾವುಗಳಿಗೆ ಹ್ಯಾಮ್‌ಸ್ಟರ್ ಬರಿಯ ಇಲಿಯೇ. ಒಂದು ಸೆಂಟಿಮೀಟರಿಗಿಂತ ಚಿಕ್ಕ ಕಣ್ಣಿನ ತಂತಿಬಲೆಯೂ ಭದ್ರವಾದ ಕೊಂಡಿಯೂ ಇದ್ದರೆ ಆ ಭಯವಿಲ್ಲ.

ಎಲ್ಲಕ್ಕಿಂತ ದೊಡ್ಡ ಶತ್ರು ಮನೆಯ ಇಲಿ ಮತ್ತು ಹೆಗ್ಗಣ. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಕಾಣಿಸಿಕೊಳ್ಳುವ ಇಲಿಜ್ವರಕ್ಕೆ ಕಾರಣವಾದ ಲೆಪ್ಟೊಸ್ಪೈರ ಎಂಬ ಸೂಕ್ಷ್ಮಜೀವಿ ಇಲಿಗಳ ಮೂತ್ರದಿಂದ ನೀರಿಗೂ ಒದ್ದೆಮಣ್ಣಿಗೂ ಸೇರುತ್ತದೆ. ಹ್ಯಾಮ್‌ಸ್ಟರ್ ಈ ರೋಗಕ್ಕೆ ಎಷ್ಟು ಸುಲಭವಾಗಿ ಬಲಿಯಾಗುತ್ತದೆಂದರೆ, ಪ್ರಯೋಗಶಾಲೆಗಳಲ್ಲಿ ಇಲಿಜ್ವರದ ಅಭ್ಯಾಸಕ್ಕೆ ಅದನ್ನೇ ಬಳಸುತ್ತಾರೆ. ಗದ್ದೆಯ ಮಣ್ಣನ್ನು ಪಂಜರಕ್ಕೆ ತರಬಾರದೆಂದು ನಾವು ಹೇಳಿದುದು ಇದಕ್ಕಾಗಿಯೇ. ರೋಗ ತಗಲಿದ ಸಾಕುಪ್ರಾಣಿಯಿಂದ ಅದು ಮನೆಯವರಿಗೂ ಹರಡಬಲ್ಲುದು. ಆದುದರಿಂದ ಪಂಜರದ ಕೆಳಗೆ ಕಾಳು ಚೆಲ್ಲಿರದಂತೆ, ಹಾಸಿನ ಮತ್ತು ಆಹಾರದ ಡಬ್ಬಗಳಿಗೆ ಇಲಿ ತಾಗದಂತೆ ಎಚ್ಚರ ವಹಿಸಬೇಕು. ಪಂಜರವನ್ನು ಮುಟ್ಟಿದ ಮೇಲೆ ಮಕ್ಕಳು ಸಾಬೂನಿನಿಂದ ಕೈ ತೊಳೆಯುವುದನ್ನು ತಪ್ಪಿಸಬಾರದು.

ಪಂಜರ ಮೊದಲು, ಪ್ರಾಣಿ ಅನಂತರ

ಪಂಜರ ಸಿದ್ಧವಾದ ಮೇಲೆ ಕೂಡಲೇ ಅಂಗಡಿಗೆ ಹೋಗಬೇಕಾಗಿಲ್ಲ. ಹಾಸು ತುಂಬಿದ ಬರಿದಾದ ಪಂಜರವನ್ನು ಆರಿಸಿದ ಜಾಗದಲ್ಲಿ ಇಟ್ಟು, ಅದರೊಳಗೆ ಒಂದು ಉಷ್ಣಮಾಪಕವನ್ನೂ ಒಂದು ಆರ್ದ್ರತಾಮಾಪಕವನ್ನೂ ಇರಿಸಿರಿ. ಮೇ ತಿಂಗಳಲ್ಲಿ ಒಂದು ವಾರ, ಜುಲೈಯಲ್ಲಿ ಒಂದು ವಾರ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತು ಓದಿ ಬರೆದಿಡಿರಿ. ಮಕ್ಕಳಿಗೆ ಇದು ಒಳ್ಳೆಯ ವಿಜ್ಞಾನಪಾಠ. ಉಷ್ಣತೆ ಮಧ್ಯಾಹ್ನವೂ ೨೬ - ೨೭ ಡಿಗ್ರಿಯ ಆಸುಪಾಸಿನಲ್ಲಿದ್ದು, ಹಾಸು ಒಣಗಿಯೇ ಉಳಿದರೆ ಪಂಜರ ಯೋಗ್ಯವಾಯಿತು. ಮನೆಯ ಅತ್ಯಂತ ತಂಪಾದ ಕೋಣೆಯಲ್ಲಿಯೂ, ನಾವು ಹೇಳಿದ ಉಪಾಯಗಳೆಲ್ಲ ಮುಗಿದ ಮೇಲೂ, ದಿನದಿನವೂ ೩೦ ಡಿಗ್ರಿ ದಾಟಿ ನಿಲ್ಲುವುದಾದರೆ ಆ ಮನೆಗೆ ಹ್ಯಾಮ್‌ಸ್ಟರನ್ನು ತರದಿರುವುದೇ ಸರಿ. ಕರಾವಳಿಯ ಎಷ್ಟೋ ಮನೆಗಳ ಉತ್ತರ ಹೀಗೆಯೇ ಬರಬಹುದು. ಅದರಲ್ಲಿ ನಾಚಿಕೆಯೇನೂ ಇಲ್ಲ. ಒಂದು ಪ್ರಾಣಿಯ ಸಂಕಟ ತಪ್ಪಿತು. ತೆಂಗಿನ ಮರದಿಂದ ಮಾಡಿಗೆ ನೆಗೆಯುವ ಅಳಿಲನ್ನು ಪಂಜರವಿಲ್ಲದೆಯೇ ನೋಡಿ ಕಲಿಯಬಹುದಾದುದು ಬೇಕಾದಷ್ಟಿದೆ.

ಪ್ರಾಣಿಯನ್ನು ತಂದ ಮೇಲೆ ಪಂಜರದ ಗುಣದೋಷವನ್ನು ಪ್ರಾಣಿಯೇ ತಿಳಿಸುತ್ತದೆ. ಹಗಲಿಡೀ ಹಾಸಿನೊಳಗೆ ಕಾಣದಂತಿದ್ದು, ಮುಸ್ಸಂಜೆ ಕವಿದ ಮೇಲೆ ಹೊರಬಂದು, ಓಡಿ, ಕಾಳು ಆಯ್ದು, ಕೆನ್ನೆ ತುಂಬಿಕೊಂಡು ಮತ್ತೆ ಒಳಸೇರುವುದಾದರೆ ಎಲ್ಲವೂ ಸರಿಯಿದೆ. ಸರಳು ಕಡಿಯುವುದು, ಒಂದೇ ಮೂಲೆಯನ್ನು ಮತ್ತೆ ಮತ್ತೆ ಹತ್ತಲೆತ್ನಿಸುವುದು, ಹಗಲಲ್ಲಿ ಹಾಸಿನ ಮೇಲೆ ಕೈಕಾಲು ಚಾಚಿ ಬಿದ್ದಿರುವುದು ಇವು ಪಂಜರವನ್ನು ತಿದ್ದಬೇಕೆಂಬ ಸೂಚನೆಗಳು. ಬಾಲದ ಸುತ್ತ ಒದ್ದೆಯಾಗಿ, ಪ್ರಾಣಿ ಮಂಕಾದರೆ ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಬೇಕು. ಎಳೆಯ ಪ್ರಾಣಿಗಳಲ್ಲಿ ಕಾಣುವ ಈ ಭೇದಿರೋಗ ಒಂದೆರಡು ದಿನಗಳಲ್ಲಿಯೇ ಪ್ರಾಣಾಪಾಯಕ್ಕೆ ತಿರುಗಬಲ್ಲುದು.

ನಾವು ನೋಡಬೇಕೆಂದಾಗಲೆಲ್ಲ ಎದುರಿಗೆ ಬರಲಿ ಎಂದು ಹ್ಯಾಮ್‌ಸ್ಟರನ್ನು ತರುವವರಿಗೆ ಆಳವಾದ ಹಾಸು ಮೊದಲು ನಿರಾಶೆಯನ್ನು ತಂದೀತು. ದಿನದ ಹೆಚ್ಚಿನ ಹೊತ್ತು ಪಂಜರ ಖಾಲಿಯಂತೆಯೇ ತೋರುತ್ತದೆ. ಆದರೆ ಕಾಣದಂತೆ ಅಡಗಿ ನಿಶ್ಚಿಂತೆಯಿಂದ ಮಲಗಲು ಸಾಧ್ಯವಾದ ಪ್ರಾಣಿಯೇ ಸಂಜೆ ತಾನಾಗಿ ಹೊರಬಂದು, ಅಂಜದೆ ಕೈಯಿಂದ ಕಾಳು ತೆಗೆದುಕೊಳ್ಳುತ್ತದೆ.